ಮುಚ್ಚಲಿರುವ ಕಂಪನಿಯ ಔಷಧಿ

ಗದಗ, ೨೧೩೯ನೇ ಇಸವಿ, ಮಳೆಗಾಲದ ಹನ್ನೊಂದನೇ ವಾರ

ಮುತ್ತಜ್ಜ ಪ್ರಭುಲಿಂಗ ಅವರಿಗೆ ಮರಿಮೊಮ್ಮಗಳು ಮುಕ್ತಾ ಮಾಡುವ ನಮಸ್ಕಾರಗಳು.

ತೇದಿ ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ತಿಂಗಳುಗಳ ಹೆಸರು ಬಿದ್ದುಹೋಗಿ ಬಹಳ ವರ್ಷಗಳಾದವು, ತೇದಿಯಲ್ಲಿ ವಾರವನ್ನಷ್ಟೇ ಬರೆಯುತ್ತೇವೆ. ನನ್ನ ಕನ್ನಡವೂ ನಿಮಗೆ ಒರಟಾಗಿ ಕೇಳಿಸೀತು, ಕ್ಷಮಿಸಿ. ದಿನಕ್ಕೆ ಹತ್ತು ಮಾತು ಆಡದವಳ ಭಾಷೆ ಇದು. ಇಪ್ಪತ್ತಾರರ ಹರೆಯದಲ್ಲಿ ನೀವು ಗೆಳೆಯನಿಗೆ ಕಳಿಸಿದ ಧ್ವನಿಸಂದೇಶವೊಂದು ನಮ್ಮ ಮನೆತನದಲ್ಲಿ ಉಳಿದುಬಂದಿದೆ. ಔಷಧಿ ಕಂಪನಿಯೊಂದು ನಿಮ್ಮನ್ನು ಮೆಡಿಕಲ್ ರೆಪ್ ಕೆಲಸಕ್ಕೆ ಕರೆದಿದೆ, ಆ ಕಂಪನಿ ಮುಳುಗುತ್ತಿದೆ ಎಂದು ಎಲ್ಲರೂ ಹೇಳುತ್ತಿದ್ದಾರೆ. "ಹೋಗ್ಲ್ಯೋ ಬ್ಯಾಡೋ, ನೀನರ ಹೇಳಲೇ" ಎನ್ನುತ್ತೀರಿ. ಅವನು ಏನೆಂದನೋ, ನೀವು ಏನು ಮಾಡಿದಿರೋ, ಬಲ್ಲವರು ಈಗ ಯಾರೂ ಇಲ್ಲ. ನನಗೂ ಅಂಥದೇ ಕರೆ ಬಂದಿತ್ತು. ನನಗೆ ಏನಾಯಿತೆಂದು ಹೇಳುತ್ತೇನೆ.

ನಮ್ಮ ಕಾಲದಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಒಂದು ಮದ್ದುಗೂಡು ಇರುತ್ತದೆ. ಬೆಳಿಗ್ಗೆ ಅದರ ಮೇಲೆ ಅಂಗೈ ಇಟ್ಟರೆ ಮೈಯ ಕೊರತೆಯನ್ನು ತಾನೇ ಕಂಡುಕೊಂಡು ಗುಳಿಗೆ ಇಳಿಸುತ್ತದೆ. ಡಾಕ್ಟರರು ಜಿಲ್ಲೆಗೆ ನಾಲ್ಕೋ ಐದೋ ಮಂದಿ. ನಾನು ಹನ್ನೊಂದು ವರ್ಷ ನೋಟಪಾಳಿ ಮಾಡಿದೆ. ಅಂದರೆ ಮನೆಯಲ್ಲೇ ಕುಳಿತು, ಮದ್ದುಗೂಡುಗಳ ತೀರ್ಮಾನಗಳನ್ನು ಒಂದೊಂದಾಗಿ ನೋಡಿ 'ಸರಿ' ಎಂದು ಒತ್ತುವುದು. ಯಾರ ಮೈ, ಯಾರ ನೋವು, ಒಂದೂ ತಿಳಿಯುತ್ತಿರಲಿಲ್ಲ. ಹದಿನೇಳನೇ ಅಂತಸ್ತಿನಲ್ಲಿ ಒಬ್ಬಳೇ ಇದ್ದೆ. ಜೋಳದ ಹಿಟ್ಟು, ಕಾಯಿಪಲ್ಲೆ ಎಲ್ಲ ಕೊಳವೆಯಲ್ಲಿ ಬರುವುದರಿಂದ ಅಂಗಡಿಯವನ ಮುಖವನ್ನೂ ನೋಡುವ ಕಾರಣವಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ಎರಡು ತಾಟು ತೊಳೆದಿಡುವ ರೂಢಿ ಬಿಡಲು ನನಗೆ ಮೂರು ವರ್ಷ ಬೇಕಾಯಿತು.

ಆ ಹನ್ನೊಂದು ವರ್ಷಗಳಲ್ಲಿ ಒಂದೇ ಒಂದು ಸಲ 'ಸರಿಯಲ್ಲ' ಎಂದು ಒತ್ತಿದ್ದೆ. ಮೂರ್ಛೆ ಬರುವ ಮಕ್ಕಳ ತೋಳಿಗೆ ಹಚ್ಚುವ ಅಂಟುಮದ್ದು ಯಾವುದೋ ಒಂದು ಮಗುವಿಗೆ ಮೂರು ಸಲವೂ ಹಿಡಿದಿರಲಿಲ್ಲ. ಹಳೆಯ ಸಿರಪ್ಪೇ ಮೇಲು ಎಂದು ಬರೆದಿದ್ದೆ. ಆ ಸಿರಪ್ಪನ್ನು ಇನ್ನೂ ತಯಾರಿಸುತ್ತಿದ್ದುದು ಹುಬ್ಬಳ್ಳಿಯ ನೀಲಗಂಗಾ ಎಂಬ ಸಣ್ಣ ಕಂಪನಿ ಮಾತ್ರ. ಅದರ ಮಾಲೀಕ, ಎಪ್ಪತ್ತು ದಾಟಿದ ಬಸಲಿಂಗಪ್ಪ, ನನ್ನ ಟಿಪ್ಪಣಿ ಓದಿ ಹುಡುಕಿಕೊಂಡು ಮನೆಗೇ ಬಂದರು. ಹಳ್ಳಿಯ ನರ್ಸ್‌ಗಳಿಗೆ ಕೈಯಲ್ಲಿ ಚೀಟಿ ಬರೆಯುವ ಅಧಿಕಾರ ಇನ್ನೂ ಉಳಿದಿತ್ತು. ಅವರ ಬಳಿ ಹೋಗಿ ಈ ಔಷಧಿಯ ವಿಷಯ ಹೇಳುವವರೊಬ್ಬರು ಬಸಲಿಂಗಪ್ಪನವರಿಗೆ ಬೇಕಾಗಿತ್ತು.

"ಸುಳ್ಳು ಹೇಳಂಗಿಲ್ಲ ತಂಗಿ, ಕಂಪನಿ ಇವತ್ತೋ ನಾಳೆನೋ ಅನ್ನೂಹಂಗ ಐತಿ. ಒಂದ್ ವರ್ಷದ ಪಗಾರಕ್ಕ ಮಾತು ಕೊಡ್ತೀನಿ. ಮುಂದಿಂದು ನನಗೂ ಗೊತ್ತಿಲ್ಲ."

"ನನಗ ಮಂದಿ ಕೂಡ ಮಾತಾಡಾಕ ಬರಂಗಿಲ್ರಿ."

"ಈಗ ಮಾತಾಡಾಕ್ಹತ್ತಿಯಲ್ಲವಾ."

ನೋಟಪಾಳಿ ಬಿಟ್ಟವರಿಗೆ ಅದು ಮತ್ತೆ ಸಿಗುವುದಿಲ್ಲ. ಒಂದು ವಾರ ಸಮಯ ಕೇಳಿದೆ. ಆಮೇಲೆ ಬಸಲಿಂಗಪ್ಪನವರು ಕೊಟ್ಟ ಸಿರಪ್ಪಿನ ಒಂದು ಬಾಟಲಿ ಹಿಡಿದುಕೊಂಡು, ಕೆಲಸ ಹೇಗಿರುತ್ತದೆಂದು ನೋಡಲು, ಮುಂಡರಗಿಯ ನರ್ಸ್ ಹುಸೇನಬಿಯವರ ಬಳಿ ಹೋದೆ. ಕಲಿತುಕೊಂಡು ಹೋಗಿದ್ದನ್ನು ಗಿಳಿಪಾಠದಂತೆ ಒಪ್ಪಿಸಿದೆ. ಅವರು ಮುಚ್ಚಳ ತೆಗೆದು ಮೂಸಿ ನೋಡಿದರು.

"ಔಷಧ ಚಲೋ ಐತಿ. ಆದ್ರ ಇವತ್ತ ಒಂದ್ ಕೂಸಿಗೆ ಇದನ್ನ ಚಾಲೂ ಮಾಡ್ತೀನಿ ಅನ್ರಿ. ನಾಳೆ ನಿಮ್ಮ ಕಂಪನಿ ಬಾಗ್ಲಾ ಹಾಕ್ತೈತಿ. ಇದು ಒಮ್ಮಿಗೇ ನಿಂತ್ರ ಏನಾಕ್ಕೈತಿ, ಗೊತ್ತೈತೇನು?"

ಗೊತ್ತಿತ್ತು. ಮೂರ್ಛೆ ಮೊದಲಿಗಿಂತ ಜೋರಾಗಿ ಮರಳುತ್ತದೆ. ಕೆಲವು ಮಕ್ಕಳು ಆಮೇಲೆ ಏಳುವುದಿಲ್ಲ.

"ಹಂಗಾರ ಅದಕ್ಕ ಜವಾಬು ತಗೊಂಡ್ ಬರ್ರಿ. ಆಮ್ಯಾಲ ಚಾ ಕುಡ್ಯೂಣು."

ನಾನು ಹುಬ್ಬಳ್ಳಿಗೆ ಹೋಗಿ ಬಸಲಿಂಗಪ್ಪನವರ ಮುಂದೆ ಒಂದೇ ಷರತ್ತು ಇಟ್ಟೆ. ಹೊಸದಾಗಿ ಔಷಧಿ ಶುರುಮಾಡುವ ಪ್ರತಿ ಮಗುವಿನ ಹೆಸರಿನಲ್ಲಿ ಆರು ತಿಂಗಳಿಗಾಗುವಷ್ಟು ಬಾಟಲಿಗಳನ್ನು ಮೊದಲೇ ನರ್ಸ್ ಬಳಿ ಇಡಬೇಕು, ಕಂಪನಿ ಅವನ್ನು ಮುಟ್ಟಕೂಡದು. "ಮಾರಾಕ ಕರದ್ರ ಕೂಡಿಡಾಕ ಹೇಳ್ತೀಯಲ್ಲ! ಹಿಂಗ ಮಾಡಿದ್ರ ಕಂಪನಿ ಇನ್ನೂ ಲಗೂನ ಮುಚ್ಚತೈತಿ" ಎಂದು ಅವರು ಸಿಟ್ಟಾದರು. ಅವರ ಮಾತು ಸುಳ್ಳಾಗಿರಲಿಲ್ಲ. ನಾನು ಎದ್ದು ಬಂದೆ. ನಾಲ್ಕನೆಯ ದಿನ ಅವರಿಂದ ಒಪ್ಪಿಗೆ ಬಂತು. ಅಂದೇ ನೋಟಪಾಳಿ ಬಿಟ್ಟೆ.

ಹದಿನಾಲ್ಕು ತಿಂಗಳು ತಿರುಗಿದೆ, ಮುತ್ತಜ್ಜ. ನಲವತ್ತೊಂದು ಮಕ್ಕಳಾದರು. ಮಾತಾಡುತ್ತ ಮಾತಾಡುತ್ತ ನನ್ನ ಗಂಟಲು ನೋಯುತ್ತಿತ್ತು, ಆ ನೋವೂ ಹಿತವಾಗಿತ್ತು. ಡೋಣಿ ಎಂಬ ಹಳ್ಳಿಯ ಲಕ್ಕವ್ವನ ಮಗಳು ಐದು ವರ್ಷದವಳು, ಎಲ್ಲಿ ಬಿದ್ದಾಳೋ ಎಂಬ ಹೆದರಿಕೆಗೆ ಹೊಸ್ತಿಲು ದಾಟದೆ ಬೆಳೆದವಳು. ಆ ವರ್ಷ ಅವಳು ಓಡಲು ಕಲಿತಳು. ಮೊಣಕಾಲಿನ ತರಚುಗಾಯವನ್ನು ಲಕ್ಕವ್ವ ಒಡವೆ ತೋರಿಸುವಂತೆ ನನಗೆ ತೋರಿಸಿದಳು.

ಕಂಪನಿ ಮುಚ್ಚಿತು. ಆ ನಲವತ್ತೊಂದು ಮನೆಗಳಿಗೂ ನಾನೇ ಹೋಗಿ ಹೇಳಿದೆ. "ಇದನ್ನ ಹೇಳಾಕ ಬಂದ್ಯಾ?" ಎಂದು ಲಕ್ಕವ್ವ ಒಳಗೆ ಹೋಗಿಬಿಟ್ಟಳು. ಹುಸೇನಬಿಯವರು ಕೂಡಿಟ್ಟ ಬಾಟಲಿಗಳಿದ್ದ ಆ ಆರು ತಿಂಗಳಲ್ಲಿ ಸಿರಪ್ಪನ್ನು ಹನಿಹನಿಯಾಗಿ ಇಳಿಸಿ, ಬೇರೆ ಔಷಧಿ ಹೊಂದಿಸಿದರು. ಮೂವತ್ತೊಂಬತ್ತು ಮಕ್ಕಳಿಗೆ ಹೊಂದಿತು. ಇಬ್ಬರಿಗೆ ಹೊಂದಲಿಲ್ಲ. ಲಕ್ಕವ್ವನ ಮಗಳು ಅವರಲ್ಲೊಬ್ಬಳು. ಜೀವಕ್ಕೆ ಅಪಾಯವಾಗಲಿಲ್ಲ, ಆದರೆ ವಾರಕ್ಕೊಮ್ಮೆ ಬೀಳುತ್ತಾಳೆ. ನಾನು ಹೋಗದಿದ್ದರೆ ಅವಳಿಗೆ ಓಡಿದ ಆ ಒಂದು ವರ್ಷವೂ ಇರುತ್ತಿರಲಿಲ್ಲ ಎಂದು ಒಂದು ದಿನ ಸಮಾಧಾನ ಮಾಡಿಕೊಳ್ಳುತ್ತೇನೆ. ಓಟದ ರುಚಿ ತೋರಿಸಿ ಕಸಿದುಕೊಂಡೆನಲ್ಲ ಎಂದು ಮರುದಿನ ಮನಸ್ಸು ಹಿಂಡುತ್ತದೆ. ಹುಸೇನಬಿಯವರು ನಿವೃತ್ತಿಯಾಗಿ ದೂರದ ಮಗಳ ಊರಿಗೆ ಹೋದರು. ಹೇಳಿಕೊಳ್ಳಲು ಇಲ್ಲಿ ಯಾರೂ ಇಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಹೋಗಿ ಎಂದಾಗಲಿ, ಬೇಡ ಎಂದಾಗಲಿ ನಾನು ಹೇಳಲಾರೆ. ಒಂದು ಬಿನ್ನಹ ಮಾತ್ರ. ನಿಮ್ಮನ್ನು ಕರೆದವರನ್ನು ಪಗಾರ ಕೇಳುವ ಮೊದಲು, ಕಂಪನಿ ಮುಚ್ಚಿದ ದಿನ ಈ ಔಷಧಿ ತಗೊಳ್ಳುವವರ ಗತಿ ಏನೆಂದು ಕೇಳಿ. ಆ ಮಾತಿಗೆ ನಕ್ಕರೆ ಎದ್ದು ಬನ್ನಿ. ತಲೆ ತಗ್ಗಿಸಿದರೆ ಇನ್ನೂ ಸ್ವಲ್ಪ ಹೊತ್ತು ಕುಳಿತಿರಿ.

ಹೋದ ವಾರ ಕೈಯಲ್ಲಿ ಏನೂ ಇಲ್ಲದೆ ಡೋಣಿಗೆ ಹೋಗಿದ್ದೆ. ಮಗು ಬಿದ್ದೆದ್ದು ಮಲಗಿತ್ತು. ಲಕ್ಕವ್ವ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಕಟ್ಟೆಯ ಮೇಲೆ ಕುಳಿತೆ. ಹೊತ್ತು ಇಳಿಯುವ ತನಕ ಅವಳು ಜೋಳ ಹಸನು ಮಾಡಿದಳು. ಕೊನೆಗೆ ಇನ್ನೊಂದು ಮೊರ ತಂದು ನನ್ನ ಮುಂದೆ ಇಟ್ಟಳು.

ಇವತ್ತೂ ಹೋಗುತ್ತಿದ್ದೇನೆ. ಗಾಡಿಯ ಹೊತ್ತಾಯಿತು, ಏಳುತ್ತೇನೆ.

ನಿಮ್ಮ
ಮುಕ್ತಾ