ಹಸಿರು ದೀಪಗಳ ಆ ಬೆಳಗ್ಗೆ

ಪ್ರೀತಿಯ ಅಕ್ಕನಿಗೆ,

ನಿನ್ನ ಮೊಣಕಾಲು ನೋವು, ಅಮ್ಮನ ಕಣ್ಣಿನ ಆಪರೇಷನ್ನು, ಇಷ್ಟನ್ನೇ ಬರೆದು ಮುಗಿಸಿಬಿಡಬೇಕೆಂದಿದ್ದೆ. ಹೇಳದೆ ಬಿಡಲು ಹೊರಟಿದ್ದು ಒಂದೇ ಮಾತು. ಅಂದು ಬೆಳಗ್ಗೆ ನಿನ್ನ ವಾರ್ಡಿಗೆ ಆ ರೋಗಿಯ ರಕ್ತದ ರಿಪೋರ್ಟ್ ಬಂದಿರಲಿಲ್ಲ. ನೀನು ಹೇಳಿದ್ದು ನಿಜ.

ನೀನು ಫೋನ್ ಎತ್ತುತ್ತಿಲ್ಲ. ಎತ್ತು ಎಂದು ಕೇಳುವ ಮುಖ ನನಗೂ ಇಲ್ಲ. ಬಂದ ರಿಪೋರ್ಟನ್ನು ನರ್ಸ್ ನೋಡಲಿಲ್ಲವೆಂದು ನಿನ್ನನ್ನು ಅಮಾನತು ಮಾಡಿದ ದಿನ, ಅಮ್ಮನ ಅಡುಗೆಮನೆಯಲ್ಲಿ ನಿಂತು, "ಅಕ್ಕಾ, ನಮ್ಮ ಬೋರ್ಡಲ್ಲಿ ಎಲ್ಲಾ ಹಸಿರಿತ್ತು. ಗಡಿಬಿಡೀಲಿ ನೀನೇ ನೋಡಿಲ್ವೇನೋ" ಅಂದವಳು ನಾನು. ನೀನು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಆಯ್ತಮ್ಮ, ನಿನ್ನ ದೀಪಕ್ಕೆ ಕಣ್ಣಿದೆ, ನಂಗಿಲ್ಲ" ಅಂದೆ. "ಇಬ್ರೂ ಬಾಯಿ ಮುಚ್ಕೊಂಡು ಊಟಕ್ಕೆ ಬನ್ನಿ" ಎಂದು ಅಮ್ಮ ಗದರಿದಳು.

"ದೀಪ ನೋಡ್ಕೊಂಡು ಕೂರೋ ಕೆಲಸ" ಎಂದು ನೀನು ಆಡಿಕೊಳ್ಳುವ ನನ್ನ ಕೆಲಸವನ್ನು ನಿನಗೆ ಸರಿಯಾಗಿ ವಿವರಿಸಿಯೇ ಇಲ್ಲ. ನಿಮ್ಮ ಆಸ್ಪತ್ರೆ ಬಳಸುವ ಸಾಫ್ಟ್‌ವೇರ್ ಒಂದೇ ಇಡಿಯಾದ ವಸ್ತುವಲ್ಲ, ಹಲವು ತುಂಡುಗಳ ಕೂಡುಕುಟುಂಬ. ಲ್ಯಾಬಿನದೊಂದು, ಔಷಧಿಯದೊಂದು, ವಾರ್ಡಿನ ಪರದೆಗೆ ರಿಪೋರ್ಟ್ ತರುವುದೊಂದು. ಅದನ್ನು ನೋಡಿಕೊಳ್ಳುವ ನಮ್ಮ ಕಂಪನಿಯ ಪರದೆ, ಅಂದರೆ ಬೋರ್ಡು, ಪ್ರತಿಯೊಂದನ್ನೂ ಗಳಿಗೆಗೊಮ್ಮೆ "ಚೆನ್ನಾಗಿದ್ದೀಯಾ?" ಎಂದು ವಿಚಾರಿಸುತ್ತದೆ. ಹೌದೆಂದರೆ ಹಸಿರು. ಮೊದಮೊದಲು ಒಂದು ಕೆಟ್ಟರೆ ಅದನ್ನು ನೆಚ್ಚಿಕೊಂಡವೆಲ್ಲ ಕೆಂಪಾಗಿ, ಬೋರ್ಡಿನ ತುಂಬ ಬೊಬ್ಬೆ. ಅದಕ್ಕೆ ನಮ್ಮ ತಂಡ ಒಂದು ನಿಯಮ ಮಾಡಿತು: ಪ್ರತಿಯೊಂದೂ ತನ್ನ ಆರೋಗ್ಯವನ್ನಷ್ಟೇ ಹೇಳಲಿ, ಪಕ್ಕದ ಮನೆಯ ಉಸಾಬರಿ ಬೇಡ. ಬೊಬ್ಬೆ ನಿಂತಿತು. ನಾವೆಲ್ಲ ಬೀಗಿದೆವು.

ಅಂದು ಲ್ಯಾಬಿನ ತುಂಡು ರಿಪೋರ್ಟ್ ಕಳಿಸಿತ್ತು, ಹಸಿರು. ವಾರ್ಡಿನದು ಕಾಯುತ್ತ ಕೂತಿತ್ತು, ಅದೂ ಹಸಿರು. ನಡುದಾರಿಯಲ್ಲಿ ರಿಪೋರ್ಟುಗಳು ಸಾಲುಗಟ್ಟಿ ನಿಂತುಬಿಟ್ಟಿದ್ದವು. ತಲುಪಿತೇ ಎಂದು ಕೇಳುವ ಕೆಲಸವನ್ನು ನಾವು ಯಾವುದಕ್ಕೂ ಒಪ್ಪಿಸಿರಲಿಲ್ಲ. ಕಳೆದ ವಾರ ಆ ಸಾಲನ್ನು ಕೆದಕಿ ನೋಡಿದೆ. ನೀನು ಲ್ಯಾಬಿಗೆ ಫೋನ್ ಮಾಡಿ, "ಕಳಿಸಿದ್ದೀವಿ ಸಿಸ್ಟರ್, ಸರಿಯಾಗಿ ನೋಡಿ" ಅನ್ನಿಸಿಕೊಂಡ ಹೊತ್ತಿನಲ್ಲೂ ನಿನ್ನ ರೋಗಿಯ ರಿಪೋರ್ಟ್ ಅಲ್ಲೇ ಬಿದ್ದಿತ್ತು. ಆ ತಡದಿಂದ ಐಸಿಯು ಸೇರಿದವನು ಬದುಕಿಕೊಂಡನೆಂಬುದೊಂದೇ ಸಮಾಧಾನ.

ಮ್ಯಾನೇಜರಿಗೆ ತೋರಿಸಿದೆ. ಕೆಟ್ಟ ಮನುಷ್ಯನೇನಲ್ಲ, ನೋಡಿ ಬೆವರಿದ. "ಮೇಡಂ, ಬುಧವಾರ ಆಸ್ಪತ್ರೆ ವಿಚಾರಣೇಲಿ ಸರ್ವೀಸ್ ನಡೀತಿತ್ತಾ ಅಂತ ಕೇಳ್ತಾರೆ. ನಡೀತಿತ್ತು ಅನ್ನಿ. ಅಲ್ಲಿಗೆ ನಿಲ್ಲಿಸಿ. ಅದೇನೂ ಸುಳ್ಳಲ್ವಲ್ಲ" ಅಂದ. ಸುಳ್ಳಲ್ಲ. ನನ್ನನ್ನು ಕೊರೆಯುತ್ತಿರುವುದೂ ಅದೇ. ಆ ಮಾತಿನ ಮರೆಯಲ್ಲಿ ಕೆಲವು ದಿನ ನೆಮ್ಮದಿಯಾಗಿ ಕೂತೂ ನೋಡಿದೆ. ಅಲ್ಲಿ ಕೆಲಸ ಕಳೆದುಕೊಳ್ಳುವವಳು ಬೇರೆ ಯಾರದೋ ಅಕ್ಕನಾಗಿದ್ದರೆ ನಾನು ಆ ಸಾಲನ್ನು ಕೆದಕುತ್ತಿದ್ದೆನೇ?

ಬುಧವಾರ ನಾನು ಬರುತ್ತೇನೆ. ಅವರು ಕೇಳದಿದ್ದರೂ ಹೇಳುತ್ತೇನೆ. ಆಮೇಲೆ ನನ್ನ ಕೆಲಸ ಉಳಿಯುತ್ತದೋ ಇಲ್ಲವೋ. ಭಯವಿದೆ, ಇಲ್ಲವೆಂದರೆ ನೀನು ನಂಬುವವಳಲ್ಲ. ನನ್ನ ಕಡೆ ನೋಡದಿದ್ದರೂ ಸರಿ, ಆದರೆ "ತಪ್ಪು ನನ್ನದೇ" ಎಂದು ಅವರು ಬರೆಸಿಕೊಳ್ಳಲು ನೋಡುತ್ತಿರುವ ಕಾಗದಕ್ಕೆ ಸಹಿ ಹಾಕಬೇಡ. "ಸಾಕಾಗಿದೆ, ಹಾಕ್ಬಿಡ್ತೀನಿ" ಎಂದು ಅಮ್ಮನ ಹತ್ತಿರ ಅಂದೆಯಂತೆ. ಬೇಡ ಅಕ್ಕಾ. ಇನ್ನು ಸ್ವಲ್ಪ ದಿನ ತಡೆದುಕೋ.

ಚಿಕ್ಕವಳು ನಾನು, ಹರಸುವ ಹಕ್ಕಿಲ್ಲ. ಆದರೂ ನಿನಗೆ ಕಣ್ತುಂಬ ನಿದ್ದೆ ಬರಲಿ.

ನಿನ್ನನ್ನು ನಂಬಲು ತಡಮಾಡಿದ,
ನಿನ್ನ ತಂಗಿ

ಅಂಚೆಗೆ ಹಾಕುವುದು: ಶನಿವಾರ, ಹನ್ನೊಂದನೇ ತಾರೀಖು, ಬೆಳಗಿನ ಮೊದಲ ಟಪಾಲಿಗೆ.