ದ್ರೌಪದಿ ಮೂಗು ಮುಚ್ಚಿದ್ದು

೧೨ ಮಾರ್ಚ್, ಗುರುವಾರ. ಬೆಟ್ಟದಪುರ.

ಛೇ, ಎಂಥಾ ಭೀಮ ನಾನು! ಮೊನ್ನೆ ನಾಟಕದ ತಾಲೀಮಿನಲ್ಲಿ ಗದೆ ಕುಟ್ಟಿ, ದ್ರೌಪದಿ ಪಾತ್ರದ ಸುಕನ್ಯಾಳ ಮೇಲೆ ಗುಡುಗಿದ್ದೆ: "ಯಾವ ದ್ರೌಪದಿ ಗಂಡನ ಮುಂದೆ ಮೂಗ್ ಮುಚ್ಕಂಡಿದ್ಲಮ್ಮ?" ಎಲ್ಲರೂ ನಕ್ಕರು. ಆಕೆ ತಲೆ ತಗ್ಗಿಸಿ ಮೂಗಿನ ಮೇಲಿನ ಸೆರಗು ಇಳಿಸಿದಳು.

ಇವತ್ತು ವಸಡು ನೋವೆಂದು ಹುಣಸೂರಿಗೆ ಹೋದರೆ ಹಲ್ಲಿನ ಡಾಕ್ಟರು ಕೇಳಿದ್ದು ಗೊರಕೆಯ ಬಗ್ಗೆ. ಹೆಂಡತಿಯೇ ಉತ್ತರಿಸಿದಳು: "ಗೊರ್ಕೆ ಮಧ್ಯೆ ಉಸ್ರೇ ನಿಂತೋಯ್ತದೆ ಸಾರ್. ಆಮೇಕೆ ಬಾಯ್ ಬುಟ್ಕಂಡು ಎಳೀತಾರೆ." ರಾತ್ರಿಯೆಲ್ಲ ಬಾಯಿ ಒಣಗಿಯೇ ವಸಡು ಕೆಟ್ಟಿರಬಹುದಂತೆ, ಬಾಯಿಯ ನಾತವೂ ಅದರಿಂದಲೇ ಇರಬಹುದಂತೆ. ನಿದ್ದೆಯ ಪರೀಕ್ಷೆಗೆ ಬರೆದುಕೊಟ್ಟರು.

ಹೊರಗೆ ಬಂದು ಹೆಂಡತಿಯನ್ನು ಕೇಳಿದೆ: "ನಾತ ಅಂತ ನೀನಾದ್ರೂ ಹೇಳ್ಬಾರ್ದಿತ್ತೇನೆ?"

"ಯೋಳುದ್ರೆ ಸುಮ್ಕೆ ಕೇಳೋರಾ ನೀವು?"

ನಾಳೆ ಎಲ್ಲರೆದುರು ಸುಕನ್ಯಾಳ ಕ್ಷಮೆ ಕೇಳಬೇಕು. ಮೂರು ಊರಿಗೆ ಕೇಳುವ ಗಂಟಲಿದು. ಈಗ ಕನ್ನಡಿಯ ಮುಂದೆ ಆ ಒಂದೇ ಮಾತನ್ನು ಆಡಿ ನೋಡಿದೆ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ.