ಎರಡನೇ ತಲೆ

ಜಮಖಂಡಿ, ೧೯೫೪

ತಮ್ಮಾ ಅಮಸಿದ್ದಾ,

ನೀನು ತೀರಿಕೊಂಡು ವರ್ಷವಾಯಿತು. ಆದರೂ ನನ್ನ ತರಗತಿಯಲ್ಲಿ ಇನ್ನೂ ನೀನೇ ಪಾಠ ಹೇಳುತ್ತಿದ್ದೀಯ.

ಇವತ್ತು ಕಪ್ಪೆಯ ತತ್ತಿ ತೋರಿಸಿ, ತಲೆ ಎಲ್ಲಿ, ಬಾಲ ಎಲ್ಲಿ ಎಂಬುದು ಅದರ ಪ್ರತಿ ಕಣಕ್ಕೂ ಹುಟ್ಟಿನಿಂದಲೇ ಗೊತ್ತಿರುತ್ತದೆ ಎಂದೆ. ನನ್ನ ಮಗಳು ಮಾಯವ್ವ ಎದ್ದು ನಿಂತಳು.

"ಇಲ್ರೀ ಮಾಸ್ತರ. ಬಾಜೂದ ಕಣ ರಸಾ ಬಿಟ್ಟು ಹೇಳತೈತಿ. ಹಂಗ ಹೇಳೋ ಕಣದ್ದ ಒಂದು ಚೂರು ತಗದು ಬ್ಯಾರೆ ತತ್ತ್ಯಾಗ ಇಟ್ರ, ಅಲ್ಲಿ ಎರಡನೇ ತಲಿ ಮೂಡತೈತಿ. ಪುಣೇದಿಂದ ಬಂದಾಗ ಕಾಕಾ ಹೇಳ್ಯಾನ."

"ತಪ್ಪು. ಕುಂದರು," ಎಂದೆ.

ತಪ್ಪಲ್ಲವೆಂದು ನನಗೆ ಗೊತ್ತಿತ್ತು. ಹನ್ನೆರಡು ವರ್ಷ ಅವಳನ್ನು ಬೆಳೆಸಿದವನು ನಾನು. ಆ ಸಲ ನೀನು ನಮ್ಮ ಮನೆಯಲ್ಲಿದ್ದದ್ದು ನಾಲ್ಕೇ ದಿನ. ಕೂರುವ ಮುನ್ನ ಅವಳು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು, ನಿನ್ನ ಹಾಗೆಯೇ.